ವಾಲದ ಟೇಬಲ್ಲು

ನಮ್ಮ ಸೋದರಮಾವನ ಪ್ರಕಾರ ಈ ಲೋಕದಲ್ಲಿ ತಪ್ಪೇ ಮಾಡದ ವಸ್ತು ಒಂದೇ ಒಂದಿತ್ತು. ಅದು ನಮ್ಮ ಸೋದರಮಾವ. ಕಾಫಿ ಚೆಲ್ಲಿದರೆ ಲೋಟದ ಕಂಠ ಸರಿಯಿಲ್ಲ. ಶರ್ಟಿನ ಗುಂಡಿ ಮೇಲೆ ಕೆಳಗಾದರೆ ದರ್ಜಿಗೆ ಎಣಿಕೆ ಬಾರದು. ಸ್ಕೂಟರಿನಿಂದ ಬಿದ್ದರೆ, ಆ ಹೊತ್ತಿಗೆ ರಸ್ತೆ ತಿರುಗಬೇಕಿತ್ತು, ತಿರುಗಲಿಲ್ಲ. ಇಂಥ ಮನುಷ್ಯ ನಂಜನಗೂಡಿನ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು ಎಂದರೆ, ಅಲ್ಲಿ ಕೂತು ಫೋಟೋ ತೆಗೆಸಿಕೊಂಡವರ ಗತಿ ನೀವೇ ಊಹಿಸಿ. ಚಿತ್ರ ಚೆನ್ನಾಗಿ ಬಾರದಿದ್ದರೆ ತಪ್ಪು ಮುಖದ್ದು.

ಆದರೆ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ “ಫೋಟೋದವರು ಬಂದ್ರಾ?” ಎಂದು ಕೇಳದೆ ತಾಳಿ ಕಟ್ಟಿಸುತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಹೆಡತಲೆ ಎಂಬ ಹಳ್ಳಿಯ ಮದುವೆಯೊಂದರ ಆಲ್ಬಮ್ ವಾಪಸ್ಸು ಬಂತು. ಇಸವಿ ಕೇಳಬೇಡಿ. ನಾನೊಂದು ಹೇಳಿದರೆ ಮಾವನ ಮಗಳು ಇನ್ನೊಂದು ಹೇಳುತ್ತಾಳೆ. ಡಿಜಿಟಲ್ ಕ್ಯಾಮೆರಾ ನಮ್ಮ ಕಡೆ ಇನ್ನೂ ಕಾಲಿಟ್ಟಿರಲಿಲ್ಲ, ನಾನು ನಂಜನಗೂಡಿನಲ್ಲೇ ಕೆಲಸಕ್ಕಿದ್ದೆ, ಇಷ್ಟು ಮಾತ್ರ ಖಚಿತ. ಮದುಮಗಳ ತಂದೆ ಆಲ್ಬಮ್ ಬಿಚ್ಚಿ ಗಲ್ಲಾದ ಮೇಲಿಟ್ಟರು.

“ಸಾ, ನಮ್ ಹುಡುಗೀಗೆ ನಾವು ಒಂದೇ ಮೂಗುತಿ ಹಾಕ್ಸಿದ್ದು. ಇಲ್ಲಿ ಮೂರವೆ.”

“ಹುಡುಗಿ ಅಲ್ಲಾಡವ್ಳೆ,” ಅಂದರು ಮಾವ.

“ಹಿಂದ್ಗಡೆ ಕಂಬ ಅದೆಯಲ್ಲ ಸಾ, ಅದೂ ಅಲ್ಲಾಡ್ತಾ?”

ಮಾವ ಕಂಬವನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ತಪ್ಪು ಹೊರಿಸಲು ದಾರಿ ಸಿಗಲಿಲ್ಲ. ಕ್ಯಾಮೆರಾ ರಿಪೇರಿಗೆ ಕೊಡಬೇಕು ಎಂದು ಮಾತು ಮುಗಿಸಿದರು.

ಕ್ಯಾಮೆರಾದ್ದೇನೂ ತಪ್ಪಿರಲಿಲ್ಲ. ಮಾವನ ಎಡಗೈ ನಡುಗತೊಡಗಿತ್ತು. ಲೆನ್ಸನ್ನು ಹಿಡಿಯುವ ಕೈ ಅದು. ನಾವೆಲ್ಲ ನೋಡಿದ್ದೆವು, ನೋಡಿ ಬೇರೆ ಕಡೆ ತಿರುಗಿದ್ದೆವು. ಬಾಯಿ ಬಿಟ್ಟು ಹೇಳಿದವರು ಅತ್ತೆ ಒಬ್ಬರೇ. ಅವರು ಮೂಗೂರಿನವರು, ಮಾತನ್ನು ಸುತ್ತಿ ಕೊಡುವ ಪದ್ಧತಿ ಅವರಲ್ಲಿರಲಿಲ್ಲ.

“ಕ್ಯಾಮೆರಾ ನೆಟ್ಟಗದೆ. ನಿಮ್ ಕೈ ನಡುಗ್ತದೆ ಕಣ್ರೀ. ಮೈಸೂರ್ಗೋಗಿ ಡಾಕ್ಟರ್‌ಗೆ ತೋರಿಸ್ವ.”

“ನನ್ನ ಕೈಯಾ? ಈ ಕೈ ಯಾವ ಟೇಬಲ್ ಮೇಲೆ ಪಳಗಿದ್ದು ಗೊತ್ತಾ ನಿಂಗೆ?”

ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಮಾವ ಹುಡುಗನಾಗಿ ಮೈಸೂರಿನಲ್ಲಿ ಫೋಟೋ ಕೆಲಸ ಕಲಿಯುವಾಗ ಸ್ಟುಡಿಯೋ ಮಾಲೀಕರ ಮನೆಯಲ್ಲಿ ಬಿಲಿಯರ್ಡ್ಸಿನಂಥ ಪೂಲ್ ಆಟದ ಟೇಬಲ್ ಇತ್ತಂತೆ. ಆ ಆಟದಲ್ಲಿ ಎಡಗೈಯನ್ನು ಟೇಬಲ್ಲಿಗೆ ಹೊದಿಸಿದ ಬಟ್ಟೆಯ ಮೇಲೆ ಊರಿ, ಬೆರಳುಗಳ ಸಂದಿಯಲ್ಲಿ ಕೋಲು ಹಾಯಿಸಿ ಚೆಂಡನ್ನು ಹೊಡೆಯಬೇಕು. ಊರಿದ ಕೈ ಕೂದಲೆಳೆಯಷ್ಟು ಅಲುಗಿದರೂ ಚೆಂಡು ಬೇರೆ ಊರಿಗೆ ಹೊರಟುಬಿಡುತ್ತದೆ.

“ಒಂದು ಸರಿಯಾದ ಪೂಲ್ ಟೇಬಲ್ ಮನೇಗೆ ತರ್ತೀನಿ,” ಅಂದರು ಮಾವ. “ನೇರಕ್ಕಿರೋ ಒಂದೇ ಒಂದು ಚೆಂಡು ಹೊಡೀತೀನಿ. ತಪ್ಪಿದ್ರೆ ಆವತ್ತೇ ಕ್ಯಾಮೆರಾ ಕೆಳಗಿಡ್ತೀನಿ. ಡಾಕ್ಟರ್ ತಾವಕ್ಕೂ ಬತ್ತೀನಿ.”

“ಒಂದ್ ಲೋಟ ನೀರು ಇಡ್ಕೊಂಡು ತೋರ್ಸಿದ್ರೆ ಸಾಲ್ದಾ?”

“ಲೋಟಾನ ನಂಬಕ್ಕಾಗಲ್ಲ.”

ಹೀಗೆ ಶುರುವಾಯಿತು ಟೇಬಲ್ ಬೇಟೆ. ಜೊತೆಗಾರ ನಾನು. ಮೊದಲು ತಿ. ನರಸೀಪುರದ ಒಬ್ಬ ವ್ಯಾಪಾರಿಯ ಮಾಳಿಗೆಗೆ ಹೋದೆವು. ಶೋಕಿಗೆ ತರಿಸಿದ್ದ ಟೇಬಲ್ಲಿನ ಮೇಲೆ ಈಗ ಹುಣಸೆಹಣ್ಣು ಒಣಗುತ್ತಿತ್ತು. ಮಾವ ಹುಣಸೆಹಣ್ಣನ್ನು ಬದಿಗೆ ಸರಿಸಿ, ಟೇಬಲ್ಲಿಗೆ ಕಿವಿ ಹಚ್ಚಿ, ಬೆರಳಿನ ಗೆಣ್ಣಿನಿಂದ ತಟ್ಟಿದರು. ತಟ್ಟಿ ಕೇಳಿದರು. ಮತ್ತೆ ತಟ್ಟಿದರು.

“ಸಾ, ಒಳಗ್ ಯಾರೂ ಇಲ್ಲ ಸಾ,” ಅಂದ ವ್ಯಾಪಾರಿ.

“ಅದೇ ನಾನೂ ಹೇಳೋದು. ಒಳಗೆ ಕಲ್ಲಿಲ್ಲ. ಬರೀ ಹಲಗೆ.”

ಒಳ್ಳೆಯ ಟೇಬಲ್ಲಿನ ಬಟ್ಟೆಯ ಕೆಳಗೆ ಸ್ಲೇಟು ಕಲ್ಲು ಇರಬೇಕು ಎಂದು ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಪಾಠವಾಯಿತು. ಹಲಗೆ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಕಲ್ಲು ಮಾತ್ರ ಯಾರ ಮುಲಾಜಿಗೂ ಬಗ್ಗುವುದಿಲ್ಲ. ಅಂಚಿನ ರಬ್ಬರಿಗೆ ಚೆಂಡು ಬಡಿದರೆ ಜೀವ ಬಂದಂತೆ ಹಿಂದಿರುಗಬೇಕು. ಬಟ್ಟೆ ಉಣ್ಣೆಯದಾಗಿರಬೇಕು, ನೂಲಿನದಾದರೆ ಬೇಗ ಜುಂಗು ಏಳುತ್ತದೆ. ಮಾವ ಹೇಳುತ್ತಲೇ ಇದ್ದರು. ಎಡಗೈ ಬಸ್ಸಿನ ಸರಳು ಹಿಡಿದಿತ್ತು. ನಡುಗುವುದು ಬಸ್ಸೋ ಕೈಯೋ ಗೊತ್ತಾಗುತ್ತಿರಲಿಲ್ಲ. ಬಹುಶಃ ಅದಕ್ಕೇ ಮಾವನಿಗೆ ಬಸ್ಸೆಂದರೆ ಅಷ್ಟು ಇಷ್ಟ.

ಮೈಸೂರಿನ ಅಂಗಡಿಗಳಲ್ಲಿ ಮಾವ ಟೇಬಲ್ಲಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಚೆಂಡನ್ನು ಆ ಕೊನೆಗೆ ಮೆಲ್ಲಗೆ ಉರುಳಿಸುತ್ತಿದ್ದರು. ಕೊನೆಯ ಗೇಣಿನಲ್ಲಿ ಅದು ಒಂದಿಷ್ಟು ಓರೆಯಾದರೆ ಮಾವನ ಮುಖ ಅರಳುತ್ತಿತ್ತು. “ನೋಡ್ಲಾ, ಕಳ್ಳ ಎತ್ತು. ಮನೆ ಹತ್ರ ಬಂದಾಗ ಮಗ್ಗುಲಿಗೆ ಎಳೀತದೆ.” ಒಂದರ ರಬ್ಬರು ಸತ್ತಿದೆ, ಇನ್ನೊಂದರ ಕಲ್ಲು ತೆಳು, ಮತ್ತೊಂದರ ಕಾಲು ಮಾವನಿಗೆ ಗೌರವ ಕೊಡುವಂತಿಲ್ಲ.

ನನಗೆ ಅರ್ಥವಾಗಲು ತಡವಾಯಿತು. ಟೇಬಲ್ ಕೆಟ್ಟದಾಗಿದ್ದಷ್ಟು ದಿನ ಕೈ ಒಳ್ಳೆಯದಾಗಿಯೇ ಇರುತ್ತದೆ. ತಿರಸ್ಕರಿಸಿದ ಪ್ರತಿ ಟೇಬಲ್ಲೂ ಮಾವನಿಗೆ ಇನ್ನೊಂದು ಮದುವೆಯ ಫೋಟೋ ತೆಗೆಯಲು ವಾಯಿದೆ ಕೊಡುತ್ತಿತ್ತು. ಅತ್ತೆಗೆ ಇದು ಮೊದಲೇ ಹೊಳೆದಿತ್ತು. ಒಂದು ದಿನ ಸೆರಗು ಸಿಕ್ಕಿಸಿಕೊಂಡು ತಾವೂ ಬಸ್ಸು ಹತ್ತಿದರು.

ಅಂದು ನೋಡಿದ್ದು ಮುಚ್ಚಿಹೋದ ಒಂದು ಕ್ಲಬ್ಬಿನ ಟೇಬಲ್ಲು. ಮಾವ ತಟ್ಟಿದರು, ಕೇಳಿದರು, ಬಗ್ಗಿದರು. ಚೆಂಡು ಉರುಳಿ ಹೋಗಿ, ಎದುರಿನ ರಬ್ಬರಿಗೆ ಬಡಿದು, ಬಂದ ದಾರಿಯಲ್ಲೇ ತಿರುಗಿ ಮಾವನ ಮೂಗಿನ ಕೆಳಗೆ ನಿಂತಿತು. ಮತ್ತೆ ಉರುಳಿಸಿದರು. ಮತ್ತೆ ಬಂತು.

“ಇದ್ರಲ್ಲಿ ಏನೂ ತಪ್ಪಿಲ್ಲ,” ಅಂದರು ಮಾವ. ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

“ಹಂಗಾದ್ರೆ ತಗೊಳ್ಳಿ,” ಅಂದರು ಅತ್ತೆ.

ದಿವಾನ್ ಮಂಚ ಜಗಲಿಗೆ ಹೋಯಿತು, ಟಿ.ವಿ. ಅಡುಗೆಮನೆಗೆ ಹೋಯಿತು, ನಡುಮನೆಗೆ ಟೇಬಲ್ಲಿನ ಮೂರು ಹಾಸು ಕಪ್ಪು ಕಲ್ಲು ಬಂತು. ಜೋಡಿಸುವವರು ಸಂದಿಗೆ ಮೇಣ ತುಂಬಿ, ಇನ್ನೇನು ಬಟ್ಟೆ ಎಳೆಯಬೇಕು, ಅತ್ತೆ ತಟ್ಟೆ ಹಿಡಿದು ಅಡ್ಡ ನಿಂತರು. ಮನೆಯೊಳಗೆ ಬಂದ ಕಲ್ಲನ್ನು ಪೂಜೆಯಿಲ್ಲದೆ ಮುಚ್ಚುವುದುಂಟೆ?

“ಅಮ್ಮಾ, ಇದು ಆಟದ ಕಲ್ಲು,” ಅಂದ ಜೋಡಿಸುವವರಲ್ಲೊಬ್ಬ.

“ಕಲ್ಲಲ್ಲಿ ಆಟದ್ದು ಬೇರೆ ಪೂಜೇದು ಬೇರೆ ಅಂತ ಇಲ್ಲ ಕಣಪ್ಪ. ಅತ್ಲಾಗ್ ಸರಿ.”

ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಮೇಲೊಂದು ಹೂವಿಟ್ಟು, ತಡೆಯುವಷ್ಟರಲ್ಲಿ ಒಂದು ಲೋಟ ಹಾಲು ಸುರಿದೇಬಿಟ್ಟರು. ಜೋಡಿಸುವವರು ತಲೆಯ ಮೇಲೆ ಕೈ ಹೊತ್ತರು. ಹಾಲು ಆ ಕಡೆಯೂ ಹರಿಯಲಿಲ್ಲ, ಈ ಕಡೆಯೂ ಹರಿಯಲಿಲ್ಲ. ಸುರಿದಲ್ಲೇ ದುಂಡಗೆ ನಿಂತಿತು. ಅದಕ್ಕೆ ಮುಂಚೆ ಮಾವ ವಾಲು ಅಳೆಯುವ ರಸಮಟ್ಟವನ್ನು ಇಟ್ಟು ನೋಡಿ, ಅದರ ಗುಳ್ಳೆಯ ಮೇಲೆ ತಮಗೆ ನಂಬಿಕೆಯಿಲ್ಲ ಅಂದಿದ್ದರು. ಹಾಲನ್ನು ನೋಡಿ ರಸಮಟ್ಟವನ್ನು ಪೆಟ್ಟಿಗೆಗೆ ಹಾಕಿದರು. ಅತ್ತೆಯೇ ಸೆರಗಿನಿಂದ ಕಲ್ಲು ಒರೆಸಿದರು. ಜೋಡಿಸುವವರು ಬಟ್ಟೆ ಹಾಕಿದರು.

ಬಟ್ಟೆ ಹಸಿರು. ಮಾವನ ಮಗಳು ನೀಲಿ ಅನ್ನುತ್ತಾಳೆ. ನೆನಪೂ ಸ್ಟುಡಿಯೋದವರಂತೆಯೇ, ಹಿಂದೆ ತನಗೆ ಬೇಕಾದ ಪರದೆ ಎಳೆದುಬಿಡುತ್ತದೆ. ಆದ್ದರಿಂದ ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು ಎಂದು ಬರೆದಿದ್ದೆ, ಹೊಡೆದು ಹಾಕಿದೆ. ಬೀದಿಯಲ್ಲಿ ಬಾಳೆಹಣ್ಣಿನವನು ಕೂಗುತ್ತಿದ್ದ, ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಲೋಕ ನಮಗಾಗಿ ಸುಮ್ಮನಾಗಿರಲಿಲ್ಲ. ನಡುಮನೆಯಲ್ಲಿ ಮಾವ, ಅತ್ತೆ, ಅವರ ಮಗಳು, ನಾನು. ಬಿಳಿ ಚೆಂಡು, ಅದರ ಮುಂದೆ ಒಂದು ಕೆಂಪು ಚೆಂಡು, ಅದರ ಹಿಂದೆ ಚೆಂಡು ಬೀಳಬೇಕಾದ ಮೂಲೆಯ ಪಾಕೆಟ್ಟು. ಮೂರೂ ಒಂದೇ ಗೆರೆಯಲ್ಲಿ. ಮಕ್ಕಳೂ ಹಾಕಬಹುದಾದ ಚೆಂಡು.

ಮಾವ ಬಗ್ಗಿ ಎಡಗೈ ಊರಿದರು. ಬೆರಳುಗಳು ಬಟ್ಟೆಯ ಮೇಲೆ ಸಣ್ಣಗೆ ಕಂಪಿಸಿದವು. ಎತ್ತಿ ಮತ್ತೆ ಊರಿದರು. ಕೋಲಿನ ತುದಿ ಗಾಳಿಯಲ್ಲಿ ಏನನ್ನೋ ಬರೆಯುತ್ತಿತ್ತು. ಹೊಡೆದರು. ಕೆಂಪು ಚೆಂಡು ಪಾಕೆಟ್ಟಿನ ಪಕ್ಕದ ರಬ್ಬರಿಗೆ ತಾಗಿ ವಾಪಸ್ಸು ಬಂತು.

ನಾವು ಕಾದೆವು. ಈಗ ಯಾರ ಸರದಿ? ಕೋಲಿನದೋ, ಬೆಳಕಿನದೋ, ಬಾಳೆಹಣ್ಣಿನವನದೋ?

“ಟೇಬಲ್ ಸರಿಯಾಗೇ ಅದೆ,” ಅಂದರು ಮಾವ. ಅಷ್ಟೇ. ಕೋಲನ್ನು ಗೋಡೆಗೆ ಒರಗಿಸಲು ಹೋದರು. ಗೋಡೆ ಸಿಗದೆ ಕೋಲು ನೆಲಕ್ಕೆ ಬಿತ್ತು.

ಪಂದ್ಯ ಗೆದ್ದಿದ್ದ ಅತ್ತೆ ಗೆದ್ದವರ ಹಾಗೆ ಇರಲಿಲ್ಲ. ಕೋಲನ್ನು ಎತ್ತಿ ಮಾವನ ಬಲಗೈಗೆ ಕೊಟ್ಟರು. ಕೆಂಪು ಚೆಂಡನ್ನು ಇದ್ದಲ್ಲಿಗೆ ತಂದಿಟ್ಟರು, ಬಿಳಿಯದನ್ನೂ ಇಟ್ಟರು. ಆಮೇಲೆ ಬಳೆಗಳನ್ನು ಮೊಣಕೈವರೆಗೆ ತಳ್ಳಿಕೊಂಡು, ಬಗ್ಗಿ, ತಮ್ಮ ಎಡಗೈಯನ್ನು ಬಟ್ಟೆಯ ಮೇಲೆ ಊರಿದರು.

“ಬೆರಳು ಎಂಗಿಡ್ಬೇಕು? ತೋರ್ಸಿ.”

“ನಿಂಗ್ಯಾಕೆ ಅದೆಲ್ಲ?”

“ತೋರ್ಸಿ ಅಂದೆ.”

ಮಾವ ತಮ್ಮ ನಡುಗುವ ಕೈಯಿಂದ ಅತ್ತೆಯ ಹೆಬ್ಬೆರಳನ್ನು ಎತ್ತಿದರು, ತೋರುಬೆರಳನ್ನು ಬಾಗಿಸಿದರು.

“ಕೋಲು ಇಲ್ಲಿಡಿ.”

“ಕೈಗೆ ತಗುಲ್ತದೆ ಕಣೇ.”

“ತಗುಲ್ಲಿ. ನಾಳೆ ಡಾಕ್ಟರ್ ತಾವ ಓಗೋದು ಓಗೋದೇಯ. ಈಗ ತಳ್ಳಿ.”

ಮಾವ ತಳ್ಳಿದರು. ಚೆಂಡು ಬಿತ್ತು ಎಂದು ಅವರ ಮಗಳು ಇವತ್ತಿಗೂ ಆಣೆ ಮಾಡುತ್ತಾಳೆ. ಇರಬಹುದು. ನಾನು ಚೆಂಡಿನ ಕಡೆ ನೋಡುತ್ತಿರಲಿಲ್ಲ.