ಒಬ್ಬೊಬ್ಬರೇ ನಿಂತ ದಂಪತಿ

ಅಪರಿಚಿತರ ಕೈಗೆ ಕ್ಯಾಮೆರಾ ಕೊಟ್ಟು "ನಮ್ಮಿಬ್ಬರದ್ದೊಂದು ಫೋಟೋ ತೆಗೀರಿ" ಎಂದು ಕೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಹಲ್ಲು ಬೇಕಾದರೆ ಕೀಳಿಸಿಕೊಂಡೇನು, ಇದೊಂದು ಆಗದು. ಈ ಸಣ್ಣ ಸಂಕೋಚ ಒಂದು ದಿನ ನನ್ನ ದಾಂಪತ್ಯವನ್ನೇ ಅಮೆರಿಕ ಸರ್ಕಾರದ ಮುಂದೆ ಕಟಕಟೆ ಹತ್ತಿಸುತ್ತದೆಂದು ಯಾರು ಕಂಡಿದ್ದರು?

ಕ್ಯಾಲಿಫೋರ್ನಿಯದ ಎಮರಿವಿಲ್ಲಿನಲ್ಲಿ ನಾನಿದ್ದ ಡಾಟ್‌ಕಾಮ್ ಕಂಪನಿ ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುತ್ತಿತ್ತು. ಒಂದು ಶುಕ್ರವಾರ ಎಲ್ಲರಿಗೂ ಪಿಜ್ಜಾ ತಿನ್ನಿಸಿ ಬಾಗಿಲು ಹಾಕಿಕೊಂಡಿತು. ಅದರ ಹಿಂದೆಯೇ ವೀಸಾವೂ ಹೋಯಿತು. ನಾನು ಹೋಗಲಿಲ್ಲ. ಕಾರಣ ವಾರಿಜ: ಅಲ್ಲೇ ಹತ್ತಿರದ ಹೇವರ್ಡಿನಲ್ಲಿ ಬೆಳೆದ ಉಡುಪಿ ಕಡೆಯ ಹುಡುಗಿ, ಅಮೆರಿಕದ ಪ್ರಜೆ. ನಾನು ಅವಧಿ ಮೀರಿ ಉಳಿದ ಏಳನೆಯ ತಿಂಗಳಲ್ಲಿ ಕೌಂಟಿ ಆಫೀಸಿನಲ್ಲಿ ನಮ್ಮ ಮದುವೆಯಾಯಿತು. ಸಾಕ್ಷಿಗೆ ಬಂದ ಗೆಳೆಯ ಉತ್ಸಾಹದಿಂದ ಹತ್ತಾರು ಫೋಟೋ ತೆಗೆದ. ಕ್ಯಾಮೆರಾಕ್ಕೆ ರೀಲು ಹಾಕಿರಲಿಲ್ಲ.

ಪ್ರಜೆಯ ಕೈಹಿಡಿದರೆ ಅವಧಿ ಮೀರಿದ ಪಾಪಕ್ಕೆ ಕ್ಷಮೆಯುಂಟು, ಆದರೆ ಮದುವೆ ನಿಜವೆಂದು ತೋರಿಸಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು ಎಂದರು ವಕೀಲರು. ಹೀಗಾಗಿ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ನಮ್ಮ ತಿರುಗಾಟದ ಆಲ್ಬಮ್ಮನ್ನೇ ಹೊತ್ತೊಯ್ದೆವು. ಅಧಿಕಾರಿಣಿ ಗಂಭೀರವಾಗಿ ಪುಟ ತಿರುವಿದರು. ಸೇತುವೆಯ ಮುಂದೆ ವಾರಿಜ. ಸೇತುವೆಯ ಮುಂದೆ ನಾನು. ಗಿಲ್‌ರಾಯಿ ಊರಿನ ಬೆಳ್ಳುಳ್ಳಿ ಜಾತ್ರೆಯಲ್ಲಿ ಬೆಳ್ಳುಳ್ಳಿ ರಾಶಿಯ ಮುಂದೆ ವಾರಿಜ. ಅದೇ ಬೆಳ್ಳುಳ್ಳಿಯ ಮುಂದೆ ನಾನು.

"ನೀವಿಬ್ಬರೂ ಎಂದಾದರೂ ಭೇಟಿಯಾಗಿದ್ದೀರಾ?" ಎಂದು ಕೇಳಿದರು.

ವಾರಿಜ ಕನ್ನಡಕ್ಕಿಳಿದಳು. "ಯಾರನ್ನಾದ್ರೂ ಕೇಳಿ, ತೆಗೆದು ಕೊಡ್ತಾರೆ ಅಂತ ಬಡ್ಕೊಂಡೆ ಮಾರಾಯ್ರೆ! ಈಗ ವಿಮಾನದಲ್ಲೂ ಒಬ್ರೇ ಕೂತ್ಕೊಳ್ಳಿ."

ಅಧಿಕಾರಿಣಿ ಪುಟಗಳನ್ನು ಹಿಂದಕ್ಕೆ ತಿರುವಿ ಒಂದು ಕಡೆ ಬೆರಳಿಟ್ಟರು. "ಈ ನೀಲಿ ಜಾಕೆಟ್ಟು ಯಾರದು?"

"ನನ್ನದು" ಎಂದೆ.

ಸಮುದ್ರದ ಗಾಳಿ ಬೀಸಿದಲ್ಲೆಲ್ಲ ಆ ಜಾಕೆಟ್ಟು ವಾರಿಜಳ ಮೈಮೇಲಿತ್ತು, ಮೊಣಕಾಲಿನವರೆಗೆ. ಪಕ್ಕದ ಚಿತ್ರದಲ್ಲಿ ನಾನು ಅರ್ಧ ತೋಳಿನ ಷರ್ಟಿನಲ್ಲಿ ನಡುಗುತ್ತ, ಅವಳ ಕೆಂಪು ಹ್ಯಾಂಡ್‌ಬ್ಯಾಗನ್ನು ಹೆಗಲಿಗೇರಿಸಿಕೊಂಡು, ರಾಷ್ಟ್ರಗೀತೆಗೆ ನಿಂತವನಂತೆ ನಿಂತಿದ್ದೆ. ಒಂದಲ್ಲ, ಎಲ್ಲ ಚಿತ್ರಗಳಲ್ಲೂ ಆ ಬ್ಯಾಗು! ಕ್ಯಾಮೆರಾ ಹಿಡಿಯಲು ಅವಳಿಗೆ ಎರಡೂ ಕೈ ಬೇಕು.

ಅಧಿಕಾರಿಣಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಮೋಸಗಾರನಾಗಿದ್ದರೆ ಬ್ಯಾಗನ್ನು ಕೆಳಗಿಡುತ್ತಿದ್ದ. ಇವರು ಗಂಡನೇ" ಎಂದು ಮುದ್ರೆ ಒತ್ತಿದರು.

ಆದರೆ ಮದುವೆ ಹೊಸದಾದ್ದರಿಂದ ಕಾರ್ಡು ಎರಡೇ ವರ್ಷಕ್ಕೆ. ಆಮೇಲೆ ಇಬ್ಬರೂ ಸಹಿ ಹಾಕಿ ಮತ್ತೆ ಅರ್ಜಿ ಕೊಡಬೇಕು. ಗಂಡನಿಗೂ ಪ್ರೊಬೇಷನ್ನು! ಈ ಕಾನೂನು ವಾರಿಜಳಿಗೆ ಬಹಳ ಹಿಡಿಸಿತು. "ನನ್ನ ಸಹಿಯೂ ಬೇಕಲ್ಲ, ನೋಡುವ" ಎಂದು ಸಿಂಕಿನ ಪಾತ್ರೆಗಳ ಕಡೆ ಕೈ ತೋರಿದಳು. ಅಂದಿನಿಂದ ತೊಳೆಯುತ್ತಿದ್ದೇನೆ. ಕಾಗದಪತ್ರದ ವ್ಯವಹಾರವೆಲ್ಲ ಅವಳದು, ತೋರಿಸಿದಲ್ಲಿ ಸಹಿ ಹಾಕುವುದಷ್ಟೇ ನನ್ನದು. ಎರಡು ವರ್ಷದ ಆ ಷರತ್ತು ರದ್ದಾಗಿ ಕಾರ್ಡು ಕಾಯಂ ಆದ ಕಾಗದ ಎಷ್ಟೋ ವರ್ಷಗಳ ಹಿಂದೆಯೇ ಬಂದಿತ್ತೆಂದು, ಮೊನ್ನೆ ಅವಳ ಡ್ರಾಯರಿನಲ್ಲಿ ಅದು ಸಿಕ್ಕಾಗ ತಿಳಿಯಿತು. ಎರಡು ಸಲ ಓದಿದೆ. ಮಡಿಸಿ ಇದ್ದಲ್ಲೇ ಇಟ್ಟು, ಪಾತ್ರೆ ತೊಳೆಯಲು ಹೋದೆ.