ಅತ್ತೆಗೆ ಹಾಕಿದ ಕೋಡ್

ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ನ್ಯಾಯವನ್ನು ತರಲು ಹೊರಟವಳು ನಾನೇ. ಆದ್ದರಿಂದ ಈಗ ಬೈಯಲಿಕ್ಕೂ ನನಗೆ ನಾನೇ ಸಿಕ್ಕಿದ್ದೇನೆ.

ನನ್ನ ಕೆಲಸ ಕಸ್ಟಮ್ಸ್ ಏಜೆಂಟರ ಕಚೇರಿಯಲ್ಲಿ. ಹಡಗಿನಲ್ಲಿ ಬಂದಿಳಿಯುವ ಒಂದೊಂದು ಸಾಮಾನಿನ ಕುಲಗೋತ್ರ ವಿಚಾರಿಸಿ ಎಂಟಂಕಿಯ ಕೋಡ್ ಬರೆಯಬೇಕು. ಕೋಡ್ ತಪ್ಪಿದರೆ ಸುಂಕ ತಪ್ಪುತ್ತದೆ, ಸರಕು ಗೋದಾಮಿನಲ್ಲೇ ಕೊಳೆಯುತ್ತದೆ. ಒಮ್ಮೆ ಮಗುವಿನ ಸ್ನಾನದ ನೀರಿನಲ್ಲಿ ತೇಲಿಬಿಡುವ, ಹೊಟ್ಟೆಯೊಳಗೆ ಥರ್ಮಾಮೀಟರ್ ಇಟ್ಟುಕೊಂಡ ರಬ್ಬರ್ ಬಾತುಕೋಳಿಗಳು ಬಂದವು. ಕಚೇರಿಯೆಲ್ಲ ‘ಆಟಿಕೆ’ ಎಂದಿತು. ‘ಕಾಣುವುದನ್ನು ನೋಡಬೇಡಿ, ಮಾಡುವುದನ್ನು ನೋಡಿ’ ಎಂದು ಅವನ್ನು ಅಳತೆಯ ಉಪಕರಣಗಳ ಸಾಲಿಗೆ ಏರಿಸಿದವಳು ನಾನು. (ಬಾತುಕೋಳಿಗಳು ಒಂದು ಮೆಚ್ಚುಗೆಯ ಮಾತೂ ಆಡಲಿಲ್ಲ. ಥೇಟ್ ಮನೆಯವರ ಹಾಗೆ.)

ಇಂಥ ಮಹಾಮೇಧಾವಿ ಮನೆಗೆ ಬಂದರೆ ಒಲೆ, ಸಿಂಕು, ಬಟ್ಟೆರಾಶಿ. ಗಂಡ ಸೋಫಾದ ಮೇಲೆ, ಅತ್ತೆ ಕಿಟಕಿ ಪಕ್ಕದ ಕುರ್ಚಿಯ ಮೇಲೆ. ಒಂದು ಭಾನುವಾರ ತಲೆ ಕೆಟ್ಟು, ಮನೆಯ ಸಕಲ ಕೆಲಸಗಳನ್ನೂ ವರ್ಗೀಕರಿಸಿ, ಕೋಡ್ ಕೊಟ್ಟು, ಯಾರದು ಯಾವುದೆಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಗಂಡ ಹುಬ್ಬುಗಂಟಿಕ್ಕಿ ಓದಿದರು. “ಬಟ್ಟೆ ಒಣಗಿಸೋದು ನನಗ್ಯಾಕೆ? ಅದು ಒಗೆಯೋದರ ಭಾಗ ತಾನೇ? ಒಗೆಯೋದು ಮೆಷಿನ್ನಿನ ಕೆಲಸ.”

“ಹಾಗಾದರೆ ಮೆಷಿನ್ನಿಗೇ ಹೇಳಿ, ಹಗ್ಗದ ತನಕ ನಡೆದುಕೊಂಡು ಹೋಗಲಿ.”

“ನಿನ್ನ ಹತ್ರ ವಾದ ಮಾಡೋಕೆ ಲೈಸೆನ್ಸ್ ಬೇಕು,” ಎಂದು ಸೋತರು.

ಅತ್ತೆಯ ಹೆಸರಿನ ಮುಂದೆ ನಾನು ಬರೆದದ್ದು ಒಂದೇ ಪದ: ವಿಶ್ರಾಂತಿ. ಪ್ರೀತಿಯಿಂದಲೇ ಬರೆದೆ. ಎಪ್ಪತ್ತೊಂದರ ಜೀವ, ಹೇಗೂ ದಿನವಿಡೀ ಕೂತಿರುತ್ತಾರೆ, ಕೂತಿರಲಿ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಹೌದೇನಮ್ಮ? ನನಗೆ ಗೊತ್ತೇ ಇರಲಿಲ್ಲ,” ಅಂದರು.

ಸೋಮವಾರ ಬೆಳಿಗ್ಗೆ ಅವರ ಕಣ್ಣೆದುರೇ ಹಾಲು ಉಕ್ಕಿತು.

“ಅತ್ತೆ, ಒಲೆ ಆರಿಸಬಾರದಿತ್ತಾ?”

“ವಿಶ್ರಾಂತಿಯಲ್ಲಿದ್ದೆನಮ್ಮ.”

ಮಂಗಳವಾರ ನಾನು ಹಾಕಿಹೋದ ಮೋಟಾರನ್ನು ಆರಿಸುವವರಿಲ್ಲದೆ ಟ್ಯಾಂಕು ತುಂಬಿ ಹರಿದು, ಕೆಳಗಿನ ಮನೆಯವರು ಬಿಸಿಲಿಗೆ ಹಾಕಿದ್ದ ಹಾಸಿಗೆಗೆ ಜಲಾಭಿಷೇಕವಾಯಿತು. ಬುಧವಾರ ಗ್ಯಾಸಿನವನು ಬಾಗಿಲು ಬಡಿದು ಬಡಿದು ವಾಪಸ್ಸು ಹೋದ. ಗುರುವಾರ ಮಗಳು ಗುಂಡಿಯಿಲ್ಲದ ಅಂಗಿಗೆ ಪಿನ್ನು ಚುಚ್ಚಿಕೊಂಡು ಶಾಲೆಗೆ ಹೊರಟಳು. ಶುಕ್ರವಾರ ಗಂಡನ ಸರದಿ.

“ನನ್ನ ಬಿಪಿ ಮಾತ್ರೆ ಎಲ್ಲಿ?”

“ಡಬ್ಬಿಯಲ್ಲಿ.”

“ಡಬ್ಬಿ ಖಾಲಿ.”

“ಖಾಲಿಯಾದರೆ ತಂದಿಡಬೇಕಪ್ಪ.”

“ಇಷ್ಟು ದಿನ ಯಾರು ತಂದಿಡ್ತಿದ್ದರು?”

ಇಬ್ಬರೂ ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದೆವು. ಅತ್ತೆ ಆಕಾಶ ನೋಡುತ್ತಿದ್ದರು.

ಹನ್ನೆರಡು ವರ್ಷ ಅವರು ಕೂತದ್ದನ್ನು ನೋಡಿದ್ದೆ, ಕೂತು ಮಾಡಿದ್ದನ್ನು ನೋಡಿರಲಿಲ್ಲ. ನಾನು ಕಚೇರಿಯಲ್ಲಿ ನಿಶ್ಚಿಂತೆಯಿಂದ ಪರದೇಶದ ಪೆಟ್ಟಿಗೆ ಬಿಚ್ಚುತ್ತಿದ್ದುದು, ಈ ಮನೆಯ ಮೇಲೆ ಅವರದೊಂದು ಕಣ್ಣು, ಒಂದು ಕಿವಿ ಇದ್ದುದರಿಂದ. ಗಂಡನಿಗೆ ನನ್ನ ದುಡಿಮೆ ಕಾಣುವುದಿಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದವಳು ನಾನು. ಅವರ ದುಡಿಮೆ ನನಗೂ ಕಂಡಿರಲಿಲ್ಲ. ರಬ್ಬರ್ ಬಾತುಕೋಳಿಗೆ ಕೊಟ್ಟ ಮರ್ಯಾದೆಯನ್ನು ಅತ್ತೆಗೆ ಕೊಟ್ಟಿರಲಿಲ್ಲ.

ಶನಿವಾರ ಕಾಗದ, ಪೆನ್ನು ಹಿಡಿದು ಅವರ ಕಾಲ ಬಳಿ ಕೂತೆ.

“ಅತ್ತೆ, ತಪ್ಪಾಯಿತು. ನೀವು ಮಾಡ್ತಿದ್ದದ್ದನ್ನೆಲ್ಲ ಹೇಳಿ. ಒಂದನ್ನೂ ಬಿಡದೆ ಬರೀತೀನಿ.”

“ನಾನೇನು ಮಾಡ್ತೀನಮ್ಮ, ಕೂತಿರ್ತೀನಿ,” ಎಂದು ಶುರು ಮಾಡಿದರು. ಆಮೇಲೆ ನೆನೆದು ನೆನೆದು ಹೇಳತೊಡಗಿದರು. ನಡುವೆ ನಾನು ಪೆನ್ನು ಬದಲಾಯಿಸಬೇಕಾಯಿತು. ಒಟ್ಟು ನಲವತ್ತಮೂರು. ಚೆಂದಾಗಿ ಕೋಡ್ ಹಾಕಿ ಕೈಗಿತ್ತೆ. ಅತ್ತೆಯ ಕಣ್ಣು ತುಂಬುತ್ತದೆ, ತಲೆ ಸವರುತ್ತಾರೆ ಎಂದೆಲ್ಲ ನನ್ನ ಮನಸ್ಸು ಮಂಡಿಗೆ ತಿನ್ನುತ್ತಿತ್ತು.

ಅವರು ಸಾಲುಸಾಲಿಗೂ ಬೆರಳಿಟ್ಟು ಓದಿದರು.

“ಇಷ್ಟೂ ನಾನೇ ಮಾಡ್ತಿದ್ದೆನಾ?”

“ನೀವೇ ಅತ್ತೆ.”

“ದಿನಾ?”

“ಹೆಚ್ಚುಕಮ್ಮಿ ದಿನಾ.”

ಕಾಗದವನ್ನು ನಾಲ್ಕಾಗಿ ಮಡಚಿದರು. “ಗೊತ್ತಿಲ್ಲದೆ ಮಾಡಿಬಿಟ್ಟೆನಮ್ಮ. ಇನ್ನು ಗೊತ್ತಿದ್ದೂ ಗೊತ್ತಿದ್ದೂ ಯಾರು ಮಾಡ್ತಾರೆ?”

“ಅಂದರೆ?”

“ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬರ್ತೀನಿ. ಈ ಕಾಗದ ನನ್ನ ಹತ್ರ ಇರಲಿ. ಅವಳ ಅತ್ತೆಗೂ ತೋರಿಸಬೇಕು. ಪಾಪ, ಅವರೂ ಸುಮ್ಮನೆ ಕೂತಿರ್ತಾರೆ.”

ಭಾನುವಾರ ಹೊರಟೇಬಿಟ್ಟರು. ಕಚೇರಿಯಲ್ಲಿ ಪ್ರತಿ ಕಾಗದಕ್ಕೂ ಮೂರು ಪ್ರತಿ ಇಡುವ ನಾನು ಇದಕ್ಕೆ ಒಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. ಫೋನ್ ಮಾಡಿ ಕೇಳೋಣವೆಂದರೆ ನಾದಿನಿಯ ಅತ್ತೆ ಎತ್ತುತ್ತಾರೆ: “ಅವರಾ? ಪಾರ್ಕಿಗೆ ಹೋದರು. ನಾನೂ ಹೊರಟೆ, ಇಡ್ಲಾ?” ಹಿಂದಿನಿಂದ ನಾದಿನಿಯ ಗೋಳು ಕೇಳಿಸುತ್ತದೆ.

ಖಾಲಿಯಿದೆಯಲ್ಲ ಎಂದು ಗಂಡ ಈಗ ಕಿಟಕಿ ಪಕ್ಕದ ಕುರ್ಚಿಗೆ ಬಡ್ತಿ ಪಡೆದಿದ್ದಾರೆ. ಅವರು ಮಾತ್ರ ಬರೀ ಕೂತಿರುತ್ತಾರೆ. ಆತುರದಲ್ಲಿ ಹೇಳುತ್ತಿಲ್ಲ, ಎರಡು ವಾರ ಪರೀಕ್ಷಿಸಿದ್ದೇನೆ.

ನಲವತ್ತಮೂರರಲ್ಲಿ ನನಗೆ ನೆನಪಿದ್ದದ್ದು ಆರೇಳು. ಉಳಿದ ಕೆಲಸಗಳು ಕೆಟ್ಟಾಗ, ಒಂದೊಂದಾಗಿ, ತಾವೇ ಬಂದು ಪರಿಚಯ ಹೇಳಿಕೊಳ್ಳುತ್ತಿವೆ. ನಿನ್ನೆ ಅಕ್ಕಿಯಲ್ಲಿ ಹುಳ ಕಂಡವು. ಅದು ಹದಿನೇಳನೆಯದು.