ಅವ್ವನ ಅಕ್ಕಡಿ ಸಾಲು

ಯಂಕಪ್ಪನ ಗ್ರಹಚಾರ ಕೆಟ್ಟದ್ದು ಒಂದು ಫೋಟೋದಿಂದ. ಬೆಳೆ ಸಮೀಕ್ಷೆಗೆ ಹೊಲದ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಲು ಅಂದೇ ಕಡೆಯ ದಿನ. ಕಳಿಸದಿದ್ದರೆ ಈ ವರ್ಷದ ಸಹಾಯಧನಕ್ಕೆ ಎಳ್ಳುನೀರು.

ಕಮತಗಿಯ ತನ್ನ ತುಂಡು ಹೊಲದಲ್ಲಿ ಅವನು ಸಜ್ಜೆ ಬಿತ್ತಿದ್ದ. ನಡುನಡುವೆ ತೊಗರಿ, ಮಡಕಿ, ಅಲಸಂದಿ, ಗುರೆಳ್ಳು, ಪುಂಡಿಯ ಅಕ್ಕಡಿ ಸಾಲು. ಅದು ತೀರಿಹೋದ ಅವ್ವ ಹನಮವ್ವನ ಪದ್ಧತಿ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತಾ, "ಒಂದ ಬೆಳಿ ಕೈಕೊಟ್ರ ಇನ್ನೊಂದು ಕೈ ಹಿಡೀತೈತಿ ಮಗನ" ಅನ್ನುತ್ತಿದ್ದಳು. ಅವಳು ಬೂದಿ ಬೆರೆಸಿಟ್ಟ ಬೀಜವನ್ನೇ ಯಂಕಪ್ಪ ವರ್ಷವರ್ಷವೂ ಕಾಪಾಡಿಕೊಂಡು ಬಂದಿದ್ದ. ಈ ಸಲ ಬೀಜದ ಗಡಿಗೆ ಖಾಲಿಯಾಗುವಷ್ಟು ಬಿತ್ತಿದ್ದ. ಪುಂಡಿ ಸೊಪ್ಪಿನ ಚಿಗುರು ಚಿವುಟಿದರೆ ಈಗಲೂ ಅವ್ವನ ಕೈರುಚಿ ನೆನಪಾಗುತ್ತಿತ್ತು.

ಬಾಜೂ ಹೊಲದ ಶ್ರೀಶೈಲ ಮೊಬೈಲು ಹಿಡಿದು ಬಂದ. ಊರಲ್ಲಿ ಯಾರ ಕೆಲಸ ಕೆಡಬೇಕಾದರೂ ಅವನು ಅಲ್ಲಿರಲೇಬೇಕು.

"ಯಂಕಪ್ಪಣ್ಣ, ಇದು ಬೆಳಿ ಹೆಸರು ಕೇಳಾಕತ್ತೈತಿ. ಒಂದ ಹೇಳು."

"ಒಂದ ಹೆಂಗ ಹೇಳ್ಲಿಲೇ? ಆರು ಅದಾವಲ್ಲ!"

"ಆರು ತಗೊಳ್ಳಂಗಿಲ್ಲ ಇದು. ಸಜ್ಜಿ ಅಂತ ಒತ್ತೇನಿ. ಫೋಟೋದಾಗ ತೊಗರಿ ಕಂಡ್ರ ಸುಳ್ಳ ಹೇಳ್ಯಾನ ಅಂತ ರೊಕ್ಕ ತಡೀತಾರ ನೋಡು!"

ದಾರಿಯಲ್ಲಿ ಹೊರಟಿದ್ದ ಕಸ್ತೂರಿ ತಾನೂ ಒಂದು ಕೈ ನೋಡೋಣವೆಂದು ಬಂದು, ತೊಗರಿ ಮರೆಯಾಗುವಂತೆ ಸೆರಗು ಹರವಿ ನಿಂತಳು. ಫೋಟೋದಲ್ಲಿ ಸಜ್ಜೆ ಕಾಣಲಿಲ್ಲ, ಬರೀ ಇಳಕಲ್ ಸೀರೆ. ಮುದುಕ ಹೊಳಬಸಪ್ಪ ಅಲಸಂದಿಯ ಮೇಲೆ ಕಂಬಳಿ ಹಾಸಿ ತಾನೇ ಮಲಗಿದ. ಸಜ್ಜೆಯ ನಡುವೆ ಹೆಣ ಬಿದ್ದಂತೆ ಕಂಡಿತು.

"ಇದನ್ನ ಕಳಿಸಿದ್ರ ಪೊಲೀಸ್ರು ಬರ್ತಾರ. ಅಕ್ಕಡಿ ಕಿತ್ತ ಬಿಡು ಅಣ್ಣ," ಅಂದ ಶ್ರೀಶೈಲ.

ಯಂಕಪ್ಪನ ಹೆಂಡತಿ ಸತ್ಯವ್ವ ಅಡ್ಡ ಬಂದಳು. "ಅತ್ತಿ ಬೀಜರೀ ಅವು! ಮನ್ಯಾಗ ಒಂದ ಕಾಳ ಉಳಿದಿಲ್ಲ!"

ಯಂಕಪ್ಪ ಹೊತ್ತು ನೋಡಿದ. ಬಿಸಿಲು ಇಳಿಯುತ್ತಿತ್ತು. ಕಡೆಗೆ ಅವನು ಹೂಂ ಅಂದದ್ದೇ ತಡ, ಶ್ರೀಶೈಲ, ಕಸ್ತೂರಿ, ಹೊಳಬಸಪ್ಪ ಮೂವರೂ ಉತ್ಸಾಹದಿಂದ ಕೀಳಲು ಸಾಲಿಗಿಳಿದರು. ಪುಂಡಿಗೆ ಕೈ ಹಾಕುವಾಗ ಮಾತ್ರ ಯಂಕಪ್ಪ ಮುಖ ತಿರುವಿಕೊಂಡ. ಅವನಿಗೆ ಅಳು ಬಂದಿತ್ತು.

ಕಿತ್ತದ್ದು ಬದುವಿನ ಮೇಲೆ ರಾಶಿ ಬಿತ್ತು, ಬರೀ ಸಜ್ಜೆಯ ಫೋಟೋ ಹೋಯಿತು. ಅರ್ಧ ತಾಸಿಗೆ ಕೃಷಿ ಇಲಾಖೆಯ ಸುಧಾರಾಣಿ ಸ್ಕೂಟರಿನಲ್ಲಿ ಬಂದಿಳಿದರು.

"ಯಂಕಪ್ಪನವರ, ನಿಮ್ಮ ಅಕ್ಕಡಿ ಎಲ್ಲೈತ್ರಿ? ಹೋದ ವಾರ ರಸ್ತೇದಿಂದ ನೋಡಿದ್ದೆ. ಹಳೇ ಪದ್ಧತಿಲೇ ಬೆಳದವ್ರಿಗೆ ಈ ಸಲ ಎರಡರಷ್ಟು ಸಹಾಯಧನ ಬಂದೈತಿ."

"ಮೊಬೈಲು ಒಂದ ಬೆಳಿ ತಗೋತೈತಂತಲ್ಲರೀ ಮೇಡಂ..."

ಸುಧಾರಾಣಿ ಶ್ರೀಶೈಲನ ಮೊಬೈಲು ತೆಗೆದುಕೊಂಡು ಬೆರಳಿನಿಂದ ಸ್ವಲ್ಪ ಸರಿಸಿದರು. "ಮಿಶ್ರ ಬೆಳಿ ಅಂತ ಇಲ್ಲೇ ಕೆಳಗ ಐತಲ್ರಿ!"

"ನಾ ಬಡಕೊಂಡೆ ಮೇಡಂ, ಕೀಳಬ್ಯಾಡಪಾ ಅಂತ," ಅಂದ ಶ್ರೀಶೈಲ, ಕಣ್ಣು ಪಿಳುಕಿಸದೆ.

"ಹೋಗ್ಲಿ, ಕಿತ್ತದ್ದನ್ನ ತೋರಸ್ರಿ. ನಾಕು ಕಾಯಿ ಬಲತಿದ್ರ ಬೀಜಕ್ಕರ ಆದಾವು."

ಯಂಕಪ್ಪನಿಗೆ ಜೀವ ಬಂದಂತಾಯಿತು. ಬದುವಿಗೆ ಓಡಿದ. ಬದು ಖಾಲಿ. ಎಲ್ಲರೂ ಶ್ರೀಶೈಲನ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡ.

"ಸುಮ್ನ ಹಾಳಾಗ್ತೈತಿ ಅಂತ ಆಗಲೇ ಬೈಕಿನ ಮ್ಯಾಲೆ ಒಯ್ದು ನಮ್ಮ ಎಮ್ಮಿಗೆ ಹಾಕಿ ಬಂದೆ ಅಣ್ಣ. ಅಂತಾ ಮೇವು ಅದು ಹುಟ್ಟಿದಾಗಿಂದ ತಿಂದಿಲ್ಲ! ನಾಳೆ ಮುಂಜಾನಿ ಮನಿಗೆ ಬಾ, ಗಟ್ಟಿ ಹಾಲಿನ ಚಾ ಕುಡಸ್ತೇನಿ."